ಬೇಳೆ 199, ಸೊಗಡು ಪ್ರತ್ಯೇಕ

ಅವರೆಯಲ್ಲಿ ಕಾಯಿ ಬೇರೆ, ಸೊಗಡು ಬೇರೆ ಎಂದು ಈವರೆಗೆ ನಮ್ಮ ಸೀಮೆಯ ಯಾವ ಹೆಂಗಸಿಗೂ ಹೊಳೆದಿರಲಿಲ್ಲ. ಇಬ್ಬನಿ ಬಿದ್ದ ಬೆಳಗ್ಗೆ ಬಿಡಿಸಿದ ಕಾಯಿಗೆ ಸೊಗಡು ತಾನಾಗಿ ಬರುತ್ತದೆ, ಕಾಯಿ ಕೊಂಡವರ ಮನೆಗೆ ಅದೂ ಹೋಗುತ್ತದೆ ಎಂದು ತಿಳಿದು, ಇಷ್ಟು ತಲೆಮಾರು ಪುಕ್ಕಟೆ ಕೊಟ್ಟು ಕೆಟ್ಟಿದ್ದೇವೆ. ಈ ನಷ್ಟವನ್ನು ಕಂಡುಹಿಡಿದವರು ಚಿಕ್ಕಬಳ್ಳಾಪುರದ ಕಲ್ಯಾಣ ಮಂಟಪವೊಂದಕ್ಕೆ ಬೆಂಗಳೂರಿನಿಂದ ಬಂದಿದ್ದ ಒಬ್ಬ ಡಿಜಿಟಲ್ ಕೋಚ್.

ಅವರ ಮುಂದೆ ಕುಳಿತಿದ್ದವರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ಹುಡುಗನೂ ಇದ್ದ. ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, ಕೆಲಸವೇ ಅವನನ್ನು ಬಿಟ್ಟಮೇಲೆ ಊರಿಗೆ ಬಂದವನು. ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯ ಅತ್ತೆ ಜಗಲಿ ಮೇಲೆ ಕೂತು ಹಿತಕುವ ಅವರೆಬೇಳೆಯನ್ನು ಬೆಂಗಳೂರಿನ ಮನೆಗಳಿಗೆ ಆನ್‌ಲೈನಿನಲ್ಲಿ ಮಾರಬೇಕೆಂಬುದು ಅವನ ಯೋಚನೆ. ಯೋಚನೆ ಚೆನ್ನಾಗಿಯೇ ಇತ್ತು. ಕಾಯಿ ಬಿಡಿಸಿ, ರಾತ್ರಿ ನೆನೆಸಿ, ಬೆಳಗ್ಗೆ ಒಂದೊಂದೇ ಕಾಳನ್ನು ಹಿತಕಿ ಸಿಪ್ಪೆಯಿಂದ ಆಚೆ ಹಾರಿಸುವ ಪುರಸೊತ್ತು ಬೆಂಗಳೂರಿನ ಯಾವ ಮನೆಯಲ್ಲಿದೆ? ಬೇಳೆ ಕೊಡು, ದುಡ್ಡು ತಗೋ. ಅಷ್ಟಕ್ಕೇ ನಿಂತಿದ್ದರೆ ಈ ಅಂಕಣಕ್ಕೆ ವಿಷಯವೇ ಇರುತ್ತಿರಲಿಲ್ಲ.

'ನೀನು ಬೇಳೆ ಮಾರ್ತಿಲ್ಲ ಬ್ರೋ, ಎಕ್ಸ್‌ಪೀರಿಯೆನ್ಸ್ ಮಾರ್ತಿದೀಯ' ಎಂದರು ಕೋಚ್. ಮಂಟಪದಲ್ಲಿ ಚಪ್ಪಾಳೆ. 'ಕಸ್ಟಮರ್ ದುಡ್ಡು ಕಟ್ಟಿದ ತಕ್ಷಣ ವ್ಯಾಪಾರ ಮುಗೀತು ಅನ್ಕೊಂಡ್ಯಾ? ಆಗ್ಲೇ ಶುರು. ಪರ್ಸು ತೆಗೆದಿರೋ ಮನುಷ್ಯನನ್ನ ಪರ್ಸು ಮುಚ್ಚೋಕೆ ಬಿಡಬಾರದು.'

ಈ ಸಿದ್ಧಾಂತದ ಹೆಸರು ಅಪ್‌ಸೆಲ್. ಹೊಸ ಸರಕನ್ನು ಆನ್‌ಲೈನಿಗೆ ಬಿಡುವಾಗ ಮೊದಲ ಬೆಲೆಯನ್ನು ಗಾಳಕ್ಕೆ ಸಿಕ್ಕಿಸಿದ ಎರೆಹುಳದಷ್ಟು ಸಣ್ಣದು ಮಾಡಬೇಕು. ಕೊಳ್ಳುವವನು ಕಚ್ಚಿದ ಮೇಲೆ, ದುಡ್ಡು ಕಟ್ಟುವ ಪುಟದಲ್ಲೇ ಒಂದು ಚೌಕ ಇಟ್ಟು ಚಿಲ್ಲರೆ ಸರಕು ಸೇರಿಸಬೇಕು. ಅದು ಆರ್ಡರ್ ಬಂಪ್. ಕಟ್ಟಿದ ಮೇಲೆ ಇನ್ನೂ ದೊಡ್ಡದನ್ನು ತೋರಿಸಿ 'ಈ ಪುಟ ಮತ್ತೆ ಸಿಗುವುದಿಲ್ಲ' ಎಂದು ಹೆದರಿಸಬೇಕು. ಅದು ಒನ್ ಟೈಮ್ ಆಫರ್. ಒಲ್ಲೆ ಎಂದರೆ ಅದನ್ನೇ ಅರ್ಧ ಬೆಲೆಗೆ ಚಾಚಬೇಕು, ಅದು ಡೌನ್‌ಸೆಲ್. ಇಷ್ಟೂ ಸೇರಿದ್ದು ಫನೆಲ್. ಲಾಳಿಕೆಯಂತೆ ಮೇಲೆ ಅಗಲ, ಕೆಳಗೆ ಕಿರಿದು. ಬಿದ್ದವನು ಇಳಿಯುತ್ತಲೇ ಹೋಗುತ್ತಾನೆ.

ಹುಡುಗ ತಾನೇ ಆ ಲಾಳಿಕೆಯಲ್ಲಿ ಎಲ್ಲಿಯವರೆಗೆ ಇಳಿದಿದ್ದೇನೆಂದು ನೋಡಿಕೊಳ್ಳಲಿಲ್ಲ. 99 ರೂಪಾಯಿಯ ವೆಬಿನಾರ್‌ನಿಂದ ಶುರುವಾದವನು, ಅದರ ರೆಕಾರ್ಡಿಂಗ್ ಕೊಂಡು, ಈ ಮಂಟಪದ ಟಿಕೆಟ್ ಕೊಂಡು, ಮುಂದಿನ ಸಾಲಿನ ಕುರ್ಚಿಗೆ ಬೇರೆ ಕಟ್ಟಿ ಕೂತಿದ್ದ. ಕೊನೆಗೆ ಬಂದದ್ದು ಆರು ತಿಂಗಳ 'ಮೆಂಟರ್‌ಷಿಪ್'. ಇವತ್ತೇ ಸೇರಿದರೆ 14,999 ರೂಪಾಯಿ ಮೌಲ್ಯದ ಬೋನಸ್ ಉಚಿತ. ಬೋನಸ್ ಎಂದರೆ ಐದು ಪುಟದ ಪಿಡಿಎಫ್.

ಬರಿಗೈಯಿಂದ 14,999 ಸೃಷ್ಟಿಸುವ ಈ ವಿದ್ಯೆಯನ್ನು ನೋಡುವ ಭಾಗ್ಯ ಎಚ್. ನರಸಿಂಹಯ್ಯನವರಿಗೆ ತಪ್ಪಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಈ ಮೇಷ್ಟ್ರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆಂದೇ ಸಮಿತಿ ಕಟ್ಟಿದರು. ಗಾಳಿಯಲ್ಲಿ ಕೈಯಾಡಿಸಿ ಉಂಗುರ, ವಿಭೂತಿ ಕೊಡುತ್ತಿದ್ದ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರನ್ನು ಅವರು ಕೇಳಿದ್ದು ಒಂದು ಕುಂಬಳಕಾಯಿ. ಉಂಗುರವಾದರೆ ತೋಳಿನೊಳಗೆ ಅಡಗಬಹುದು, ಕುಂಬಳಕಾಯಿ ಅಡಗದು ಎಂಬುದು ಅವರ ತರ್ಕ. ನಮ್ಮ ಕೋಚ್‌ಗಳಿಗೂ ಅಷ್ಟೇ ಹೇಳಬೇಕಿತ್ತು: ಆ ಪಿಡಿಎಫ್ ಅನ್ನು ಒಂದು ಸಲ, ಯಾರಾದರೂ ಒಬ್ಬನಿಗೆ, 14,999ಕ್ಕೆ ಮಾರಿ ತೋರಿಸಿ. ಆಮೇಲೆ ಪುಕ್ಕಟೆ ಕೊಡುವಿರಂತೆ.

ಇರಲಿ. ಮೂರೇ ವಾರದಲ್ಲಿ ಬೇಳೆಯ ಪುಟ ಸಿದ್ಧವಾಯಿತು. ಅರ್ಧ ಕೆಜಿ ಬೇಳೆ 199 ರೂಪಾಯಿ. ಅದರ ಕೆಳಗೆ, ಮೊದಲೇ ಟಿಕ್ ಹಾಕಿಟ್ಟ ಚೌಕ: 'ಸೊಗಡು ಗ್ಯಾರಂಟಿ, 49 ಮಾತ್ರ'. ಪಕ್ಕದಲ್ಲಿ ಕೆಂಪು ಅಕ್ಷರದ ಗಡಿಯಾರ: 'ಇವತ್ತಿನ ಇಬ್ಬನಿ ಇನ್ನು 9 ನಿಮಿಷ 59 ಸೆಕೆಂಡು'. ಪುಟವನ್ನು ಮುಚ್ಚಿ ತೆರೆದರೆ ಇಬ್ಬನಿ ಮತ್ತೆ ಮೊದಲಿನಿಂದ ಬೀಳುತ್ತಿತ್ತು. ದುಡ್ಡು ಕಟ್ಟಿದ ಮೇಲೆ 'ಅವರೆ ಕ್ಲಬ್': ತಿಂಗಳಿಗೆ 299, ಬ್ಯಾಂಕ್ ಖಾತೆಯಿಂದ ತಾನಾಗಿ ಕಟ್. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅವರೆ ಮುಗಿಯುತ್ತದೆ, ಕ್ಲಬ್ ಮುಗಿಯುವುದಿಲ್ಲ. ಒಲ್ಲೆ ಎನ್ನುವವರಿಗಾಗಿ ಕಣ್ಣಿಗೆ ಕಾಣದ ಬೂದು ಬಣ್ಣದಲ್ಲಿ ಒಂದು ಸಾಲು: 'ಬೇಡ, ನಮ್ಮ ಮನೆಯವರು ಸಪ್ಪೆ ಸಾರು ಉಂಡರೂ ನನಗೇನಿಲ್ಲ.'

ಅಮ್ಮನಿಗೆ ಫೋನ್ ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

'ಸೊಗಡಿಗೆ ಬೇರೆ ದುಡ್ಡೇನೋ?'

'ಹೂಂ ಅಮ್ಮ. ಆಪ್ಷನಲ್ಲು.'

'ಹಂಗಾದ್ರೆ ನಲವತ್ತೊಂಬತ್ತು ಕೊಡದೆ ಇರೋರಿಗೆ ಸೊಗಡು ತೊಳೆದು ಕಳಿಸಬೇಕಾ? ಅದಕ್ಕೆ ಕೂಲಿ ಯಾರು ಕೊಡ್ತಾರೆ?'

ಇದಕ್ಕೆ ಮೆಂಟರ್‌ಷಿಪ್‌ನಲ್ಲಿ ಉತ್ತರವಿರಲಿಲ್ಲ.

ಅಮ್ಮ ವ್ಯಾಪಾರ ಕಲಿತದ್ದು ಸಂತೆಯಲ್ಲಿ. ಅಲ್ಲಿ ತಕ್ಕಡಿ ಇಳಿದ ಮೇಲೂ ಕೊಳ್ಳುವವಳು ಚೀಲದ ಬಾಯಿ ಮುಚ್ಚದೆ ನಿಂತಿರುತ್ತಾಳೆ. 'ಕೊಸರು ಹಾಕಮ್ಮ.' 'ಈ ರೇಟಿಗೆ ಕೊಸರು ಬೇರೆ ಕೇಡು' ಎಂದು ಗೊಣಗುತ್ತಲೇ ಮಾರುವವಳು ಒಂದು ಹಿಡಿ ಕಾಯಿ ಎಸೆಯುತ್ತಾಳೆ, ಮೇಲೆ ನಾಲ್ಕು ಎಸಳು ಕರಿಬೇವು. ದರ ಒಪ್ಪಿ, ತೂಕ ಮುಗಿದು, ದುಡ್ಡು ಕೈ ಬದಲಾದ ಮೇಲೆ ಇನ್ನೊಂದು ಹಿಡಿ ಯಾರ ಕಡೆಯಿಂದ ಯಾರ ಕಡೆಗೆ ಹೋಗಬೇಕು? ಸಂತೆ ಇಷ್ಟು ಕಾಲ ಕೊಳ್ಳುವವಳ ಚೀಲಕ್ಕೆ ಹಾಕುತ್ತಿತ್ತು. ಆನ್‌ಲೈನ್ ಬಂದು, ಕೊಳ್ಳುವವಳ ಚೀಲದೊಳಗೇ ಕೈಹಾಕಿ ಒಂದು ಹಿಡಿ ತೆಗೆದುಕೊಂಡು ಅದಕ್ಕೆ ಗ್ರೋತ್ ಎಂದಿತು.

ಕೈವಾರದ ತಾತಯ್ಯನವರೂ ಸಂಸಾರದಲ್ಲಿದ್ದಾಗ ಊರೂರು ತಿರುಗಿ ಬಳೆ ಮಾರಿದವರೇ. ವ್ಯಾಪಾರ ಕೈ ಹತ್ತಲಿಲ್ಲ, ಯೋಗಿ ನಾರೇಯಣರಾದರು. ಇವತ್ತಾಗಿದ್ದರೆ 'ಒಂದು ಡಜನ್ ಬಳೆ ಕೊಂಡವರು ಇವನ್ನೂ ಕೊಂಡಿದ್ದಾರೆ' ಎಂದು ಓಲೆ, ಕುಂಕುಮ, ರಿಬ್ಬನ್ ತೋರಿಸುವುದನ್ನು ಯಾರಾದರೂ ಕಲಿಸಿಬಿಡುತ್ತಿದ್ದರು. ಚಿಂತಾಮಣಿ ತಾಲ್ಲೂಕಿಗೆ ಒಬ್ಬ ಫ್ಯಾನ್ಸಿ ಸ್ಟೋರ್ ಮಾಲೀಕರು ಸಿಕ್ಕಿರುತ್ತಿದ್ದರು. ಒಳ್ಳೆ ಕಾಲದಲ್ಲಿ ಹುಟ್ಟಿದರು, ಉಳಿದುಕೊಂಡರು.

ನ್ಯಾಯವಾಗಿ ಹೇಳಬೇಕೆಂದರೆ ಕೋಚ್ ಹೇಳಿದ್ದೆಲ್ಲ ಪಾಪವಲ್ಲ. ಹೋಟೆಲಿನ ಸಪ್ಲೈಯರ್ 'ಇನ್ನೊಂದು ಪೂರಿ ಹಾಕ್ಲಾ ಸಾರ್?' ಎನ್ನುವುದೂ ಅಪ್‌ಸೆಲ್ಲೇ. ರವಿಕೆ ಬಟ್ಟೆ ಕೊಂಡವಳಿಗೆ ಲೈನಿಂಗ್ ಬೇಕೇ ಎಂದು ಕೇಳದಿದ್ದರೆ ಅಂಗಡಿಯವನೇ ದಡ್ಡ. ಬೇಡ ಎಂದು ತಲೆಯಲ್ಲಾಡಿಸಿದರೆ ಅಲ್ಲಿಗೆ ಮುಗಿಯಿತು. ಪೂರಿ ಬೇಡ ಎಂದವನಿಗೆ ಸಾಗು ಕೊಡುವುದಿಲ್ಲ ಎಂದು ಯಾವ ಹೋಟೆಲೂ ಹೇಳಿಲ್ಲ.

ಹಾಗೆ ಹೇಳುವ ಅಂಗಡಿಯೂ ನಮ್ಮಲ್ಲಿ ಇದೆ. ಅದಕ್ಕೆ ಗೊಬ್ಬರದಂಗಡಿ ಎನ್ನುತ್ತಾರೆ.

ಹುಡುಗನ ಸೋದರಮಾವ ಗೌರಿಬಿದನೂರು ಕಡೆಯವರು, ಮುಸುಕಿನ ಜೋಳ ಬೆಳೆಯುತ್ತಾರೆ. ಜೋಳ ಮೊಣಕಾಲುದ್ದ ಬಂದು, ಮಳೆ ಬಿದ್ದು ನೆಲ ಹಸಿಯಾಗಿರುವ ನಾಲ್ಕು ದಿನದಲ್ಲಿ ಯೂರಿಯಾ ಬೀಳಬೇಕು. ಆ ನಾಲ್ಕು ದಿನ ತಾಲ್ಲೂಕಿಗೆಲ್ಲ ಒಟ್ಟಿಗೇ ಬರುತ್ತದೆ. ಮಾವ ಕೌಂಟರಿನ ಮುಂದೆ ನಿಂತು ಕೇಳುತ್ತಾರೆ:

'ಯೂರಿಯಾ ಐತಾ?'

'ಜಿಂಕ್ ತಗೊಂಡ್ರೆ ಐತೆ.'

'ತಗೊಳ್ದಿದ್ರೆ?'

'ಇಲ್ಲ.'

ದಾಸ್ತಾನು ಇರುವುದೂ ಇಲ್ಲದಿರುವುದೂ ಎದುರಿಗೆ ನಿಂತವನ ಉತ್ತರದ ಮೇಲೆ ಹೋಗುವ ಇಂಥ ಗೋದಾಮು ಇನ್ನೂ ಯಾವ ಸಾಫ್ಟ್‌ವೇರ್ ಕಂಪನಿಗೂ ಸಾಧ್ಯವಾಗಿಲ್ಲ. ಇದರ ಹೆಸರು ಲಿಂಕ್. 45 ಕೆಜಿಯ ಯೂರಿಯಾ ಮೂಟೆಗೆ ಸರ್ಕಾರ ಕಟ್ಟಿದ ದರ 266 ರೂಪಾಯಿ 50 ಪೈಸೆ. ಈ ದರದಲ್ಲಿ ಲಾಭ ತೆಳು, ಆದ್ದರಿಂದ ಮೂಟೆಯ ಬೆನ್ನಿಗೆ ಒಂದು ಜಿಂಕ್ ಪೊಟ್ಟಣ, ಯಾವುದೋ 'ಬೆಳವಣಿಗೆ ಟಾನಿಕ್', ಇಲ್ಲವೇ 2021ರಲ್ಲಿ ಬಂದ ನ್ಯಾನೊ ಯೂರಿಯಾದ ಅರ್ಧ ಲೀಟರ್ ಬಾಟಲಿ. ಮಾವನ ಅಟ್ಟದ ಮೇಲೆ ಮುಚ್ಚಳ ತೆಗೆಯದ ಬಾಟಲಿಗಳು ಸಾಲಾಗಿ ನಿಂತಿವೆ; ದಸರಾ ಗೊಂಬೆ ಕೂರಿಸಲು ಮೆಟ್ಟಿಲು ಮಾತ್ರ ಕಮ್ಮಿ.

ಕೋಚ್ ಕಲಿಸಿದ ಫನೆಲ್‌ಗೆ ಇಲ್ಲಿ ಏನು ಕೊರತೆ? ಅಗ್ಗದ ಮೊದಲ ಬೆಲೆ ಇದೆ, ಅದನ್ನೂ ಸರ್ಕಾರವೇ ಸಬ್ಸಿಡಿ ಕೊಟ್ಟು ಇಳಿಸಿಟ್ಟಿದೆ. ಗಡಿಯಾರ ಇದೆ, ಅದು ಹೊಲದ ತೇವ. ಪುಟ ಮುಚ್ಚಿ ತೆರೆದರೆ ಮತ್ತೆ ಬರುವುದಿಲ್ಲ. ಬೂದು ಬಣ್ಣದ 'ಬೇಡ' ಬಟನ್ ಇಡುವ ಖರ್ಚೂ ಇಲ್ಲ. ಆಧಾರ್ ಕೊಟ್ಟು ಮಿಷಿನ್ ಮೇಲೆ ಹೆಬ್ಬೆಟ್ಟು ಒತ್ತಬೇಕು. ಅದರಲ್ಲಿ ಯೂರಿಯಾ ಮಾತ್ರ ಬೀಳುತ್ತದೆ, ಟಾನಿಕ್ ಬಿಲ್ಲು ಬೇರೆ ಚೀಟಿಯಲ್ಲಿ, ಕೆಲವು ಸಲ ಚೀಟಿಯೂ ಇಲ್ಲದೆ. ಕಾನೂನಿಗೂ ಕೊರತೆಯಿಲ್ಲ: 1985ರ ರಸಗೊಬ್ಬರ ನಿಯಂತ್ರಣ ಆದೇಶ ಇದೆ, ಅದರ ಬೆನ್ನಿಗೆ 1955ರ ಅಗತ್ಯ ವಸ್ತುಗಳ ಕಾಯ್ದೆ ಇದೆ. 2025ರ ಜುಲೈನಲ್ಲಿ, ರಾಜ್ಯದಲ್ಲಿ ಯೂರಿಯಾಕ್ಕೆ ರೈತರು ಸಾಲುಗಟ್ಟಿ ನಿಂತಿದ್ದ ಹೊತ್ತಿಗೇ, ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಎಲ್ಲ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಗೊಬ್ಬರದ ಜೊತೆ ನ್ಯಾನೊ, ಬಯೋಸ್ಟಿಮ್ಯುಲೆಂಟ್ ಬಲವಂತವಾಗಿ ಅಂಟಿಸುವುದನ್ನು ನಿಲ್ಲಿಸಿ ಎಂದರು. ಪತ್ರ ಎಲ್ಲ ರಾಜಧಾನಿಗಳನ್ನೂ ತಲುಪಿತು. ಕೌಂಟರಿಗೆ ಬರಲು ಅದಕ್ಕೂ ಜಿಂಕ್ ಕೊಳ್ಳಬೇಕಿತ್ತೋ ಏನೋ.

ಅಂಗಡಿಯವನನ್ನು ಕೇಳಿದರೆ ಅವನ ಅಳಲು ಬೇರೆ. 'ನಾವೇನು ಮಾಡಾಣ ಸಾಮಿ, ಮೇಲಿನೋರು ನಮಗೇ ಲಿಂಕ್ ಹಾಕ್ತಾರೆ. ಲೋಡು ಯೂರಿಯಾ ಬೇಕಾದ್ರೆ ಇಷ್ಟು ಡಬ್ಬ ಎತ್ತಬೇಕು ಅಂತಾರೆ.' ಇದೂ ನಿಜವೇ. ಗೊಬ್ಬರ ವ್ಯಾಪಾರಿಗಳ ಸಂಘಗಳೇ ಈ ದೂರನ್ನು ಬಹಿರಂಗವಾಗಿ ಹೇಳಿಕೊಂಡಿವೆ. ತಯಾರಕ ಸಗಟು ವ್ಯಾಪಾರಿಗೆ ಹಾಕಿದ, ಸಗಟಿನವನು ಚಿಲ್ಲರೆಯವನಿಗೆ ಹಾಕಿದ, ಚಿಲ್ಲರೆಯವನು ಮಾವನಿಗೆ ಹಾಕಿದ. ಮಾವ ಯಾರಿಗೆ ಹಾಕಬೇಕು? ಜೋಳದ ಗಿಡಕ್ಕೆ ಹಾಕಿದರು. ಅದು ಏನನ್ನೂ ಮರಳಿ ಹೇಳಲಿಲ್ಲ.

ಆನ್‌ಲೈನಿನವರಿಗೆ ಕಾನೂನು ಸ್ವಲ್ಪ ತಡವಾಗಿ ಬಂತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 'ಡಾರ್ಕ್ ಪ್ಯಾಟರ್ನ್' ಎಂದು 13 ಬಗೆಯ ಚಾಲಾಕಿಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಕೇಳದೆ ಬುಟ್ಟಿಗೆ ಸರಕು ತುಂಬುವುದು, ಸುಳ್ಳು ಅವಸರ ಹುಟ್ಟಿಸುವುದು, ಬೇಡ ಎಂದವರನ್ನು ನಾಚಿಸುವುದು, ಚಂದಾದಾರನನ್ನು ಹೊರಗೆ ಬಿಡದಿರುವುದು, ಬೇಕಾದ ಬಟನ್ ಕಾಣದಂತೆ ಮರೆಮಾಚುವುದು ಎಲ್ಲವೂ ಅದರಲ್ಲಿವೆ. ನಮ್ಮ ಹುಡುಗ ಒಂದೇ ಪುಟದಲ್ಲಿ ಈ ಐದನ್ನೂ ಸಾಧಿಸಿದ್ದ. 13ಕ್ಕೆ 5 ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ ಪಾಸು.

ದೊಡ್ಡವರು ಇನ್ನೂ ಚೆನ್ನಾಗಿ ಓದಿದ್ದರು. ಗಾಡಿ ಬರುವ ಮೊದಲೇ ಚಾಲಕನಿಗೆ 'ಅಡ್ವಾನ್ಸ್ ಟಿಪ್' ಕೊಡಿ, ಬೇಗ ಬರುತ್ತಾನೆ ಎಂದು ಊಬರ್ ಕೇಳತೊಡಗಿದಾಗ, 2025ರ ಮೇ ತಿಂಗಳಲ್ಲಿ ನಮ್ಮ ಧಾರವಾಡದ ಸಂಸದರೂ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿ ಇದು ಅನೈತಿಕ ಎಂದು ಗರಂ ಆದರು, ಪ್ರಾಧಿಕಾರ ನೋಟಿಸ್ ಕೊಟ್ಟಿತು. ಪಹಣಿ ತಿದ್ದುಪಡಿಗೆ ಅಲೆದವರು ಅಚ್ಚರಿಪಟ್ಟರು. ಕೆಲಸಕ್ಕೆ ಮುಂಚೆ ಕೊಡುವುದು ಅನೈತಿಕ ಎಂದು ಸರ್ಕಾರಕ್ಕೆ ಗೊತ್ತಿದೆಯೇ!

ಮುಂದಿನ ತಿಂಗಳೇ, ಎಲ್ಲ ಕಂಪನಿಗಳೂ ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಲಿ ಎಂದು ಸೂಚನೆ ಹೊರಟಿತು. ಮಾಡಿಕೊಂಡರು. ನವೆಂಬರ್ ಹೊತ್ತಿಗೆ 26 ದೊಡ್ಡ ಕಂಪನಿಗಳು ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದು ಬರೆದುಕೊಟ್ಟವು. ಪರೀಕ್ಷೆ ಬರೆದವನೇ ಪತ್ರಿಕೆ ತಿದ್ದುವ ಈ ಪದ್ಧತಿ ನಮ್ಮ ಕಾಲದಲ್ಲಿ ಇದ್ದಿದ್ದರೆ ಗಣಿತದಲ್ಲಿ ನನಗೂ ರ‍್ಯಾಂಕ್ ಬರುತ್ತಿತ್ತು.

ಅಮೆರಿಕದಲ್ಲಿ ಅಮೆಜಾನ್‌ನವರು ಪ್ರೈಮ್ ಸದಸ್ಯತ್ವ ರದ್ದು ಮಾಡುವ ದಾರಿಗೆ ಕಚೇರಿಯೊಳಗೆ ಇಟ್ಟುಕೊಂಡಿದ್ದ ಹೆಸರು 'ಇಲಿಯಡ್'. ಹೋಮರನ ಮಹಾಕಾವ್ಯದಷ್ಟು ಉದ್ದ ಎಂದು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಕೇಸು ಹಾಕಿತು, 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರ್‌ಗೆ ರಾಜಿಯಾಯಿತು. ನಮ್ಮ ಹುಡುಗನ ಅವರೆ ಕ್ಲಬ್‌ನಿಂದ ಹೊರಬರುವ ದಾರಿ ಅಷ್ಟು ಉದ್ದವಿರಲಿಲ್ಲ. ದಾರಿಯೇ ಇರಲಿಲ್ಲ. ಅದನ್ನು ಮಾಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಅದು ಮುಂದಿನ ಕೋರ್ಸಿನಲ್ಲಿತ್ತು.

ಪುಟ ಸೋತಿತು ಎಂದು ಬೇರೆ ಹೇಳಬೇಕಿಲ್ಲ. ಬೇಳೆ ಕೊಳ್ಳಲು ಬಂದ ಬೆಂಗಳೂರಿನ ಗೃಹಿಣಿಯರು ಗಡಿಯಾರ, ಕ್ಲಬ್ಬು, ಗ್ಯಾರಂಟಿಗಳನ್ನು ದಾಟುವ ಹೊತ್ತಿಗೆ ಮನೆ ಬಾಗಿಲಲ್ಲಿ ತಳ್ಳುಗಾಡಿ ಕೂಗಿತು. ಹುಡುಗ ಹತಾಶನಾದರೂ ವಿದ್ಯೆ ಬಿಡಲಿಲ್ಲ. ಗಿರಾಕಿಯಿಂದ ಕೀಳಲಾಗದಿದ್ದರೆ ಮಂಡಿಯವರಿಂದಾದರೂ ಕೀಳೋಣ, ನಮ್ಮ ಮನೆಯ ಸರಕಿಗೇ ಲಿಂಕ್ ಹಾಕೋಣ ಎಂದು ಹೊರಟ.

ಮೊದಲು ಹೋದದ್ದು ಚಿಂತಾಮಣಿಗೆ, ಟೊಮೆಟೊ ಬೆಳೆಯುವ ಭಾವನ ಹತ್ತಿರ. 'ಭಾವ, 15 ಕೆಜಿ ಬಾಕ್ಸಿನ ಜೊತೆ ಒಂದು ಕೆಜಿ ಬದನೆಕಾಯಿ ಕಡ್ಡಾಯ ಮಾಡಿ. ಬೇಡ ಅಂದ್ರೆ ಟೊಮೆಟೊ ಇಲ್ಲ ಅನ್ನಿ.' ಭಾವ ನಕ್ಕರು. ರೈತನಿಂದ ಕಮಿಷನ್ ಮುರಿಯಬಾರದು, ಅದು ಕೊಳ್ಳುವವನ ಲೆಕ್ಕ ಎಂದು ಎಪಿಎಂಸಿ ಕಾನೂನು ಹೇಳುತ್ತದೆ. ಮಂಡಿಯವರು ಬರೆದುಕೊಡುವ ಬಿಳಿ ಚೀಟಿ ಏನು ಹೇಳುತ್ತದೆಂದು ಬೆಳೆದವರನ್ನು ಕೇಳಬೇಕು. ಹಮಾಲಿ, ಬಾಕ್ಸಿನ ಬಾಡಿಗೆ, ಗಾಡಿ ಬಾಡಿಗೆ ಎಲ್ಲ ಮುರಿದು, ಕೆಟ್ಟ ದಿನಗಳಲ್ಲಿ ರೈತ ತಾನೇ ಕೈಯಿಂದ ಕೊಟ್ಟು ಬಂದದ್ದೂ ಉಂಟು. ಅಂದರೆ ಕೊಳ್ಳುವಾಗಲೂ ಕೊಸರು ಅವನದೇ, ಮಾರುವಾಗಲೂ ಕೊಸರು ಅವನದೇ. 2023ರ ಜುಲೈನಲ್ಲಿ ಒಂದೇ ಒಂದು ಸಲ ಆಟ ತಿರುಗಿತ್ತು. ಕೋಲಾರದಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು. 'ಆವಾಗ ಹಾಕಬೇಕಿತ್ತು ಲಿಂಕು' ಎಂದ ಹುಡುಗ. 'ಆವಾಗ ನನ್ನ ತೋಟದಲ್ಲಿ ಟೊಮೆಟೊ ಇರಲಿಲ್ಲ' ಎಂದರು ಭಾವ. ದರ ಏರುವುದೇ ಅದಕ್ಕಲ್ಲವೇ.

ಉಳಿದದ್ದು ರೇಷ್ಮೆ ಬೆಳೆಯುವ ಅಪ್ಪ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಇಲ್ಲಿ ಹುಡುಗನಿಗೆ ಭಾರೀ ಆಸೆ, ಏಕೆಂದರೆ ಹರಾಜು ಈಗ ಮೊಬೈಲಿನಲ್ಲೇ ಆಗುತ್ತದೆ. ನೂಲು ತೆಗೆಯುವ ರೀಲರುಗಳು ಜಾಲರಿಯಿಂದ ನಾಲ್ಕು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಮುಂದೆ ನಡೆಯುತ್ತ ಬೆರಳಿನಲ್ಲೇ ದರ ಕೂಗುತ್ತಾರೆ. ಕೂಗಿದ ಮೇಲೆ ಪರದೆಯಲ್ಲಿ ಒಂದು ಚೌಕ ಮೂಡಿದರೆ ಸಾಕು: 'ಗೂಡಿನ ದರ ಒಪ್ಪಿಗೆ. ಒಳಗಿನ ಹುಳ ಬೇಕಾದರೆ ಕೆಜಿಗೆ 40 ಹೆಚ್ಚು.' ಕೆಳಗೆ ಬೂದು ಬಣ್ಣದಲ್ಲಿ: 'ಬೇಡ, ನನಗೆ ರೇಷ್ಮೆಯ ಮೇಲೆ ಮರ್ಯಾದೆ ಇಲ್ಲ.'

ಅಪ್ಪ ಚಂದ್ರಂಕಿಯಿಂದ ಗೂಡು ಬಿಡಿಸುತ್ತ ಪೂರಾ ಕೇಳಿಸಿಕೊಂಡ.

'ಅವನು ಬೇಡ ಅಂದ್ರೆ?'

'ಒಂದಿನ ಕಾಯೋಣ ಅಪ್ಪ. ಎರಡು ದಿನ ಕಾಯೋಣ. ಬಂದೇ ಬರ್ತಾನೆ.'

'ಯೂರಿಯಾ ಮೂಟೆ ಗೋಡೌನಲ್ಲಿ ಆರು ತಿಂಗಳಾದ್ರೂ ಮಲಗಿರ್ತದೆ ಮಗ, ಅದಕ್ಕೇ ಅವನು ನಿನ್ನ ಮಾಮನ ಕೈಲಿ ಜಿಂಕ್ ಹೊರಿಸಿದ. ಇದು ನಾಲ್ಕು ದಿನ ಬಿಟ್ರೆ ಚಿಟ್ಟೆ ಆಗಿ, ಗೂಡು ತೂತು ಮಾಡ್ಕೊಂಡು ಆಚೆ ಬರ್ತದೆ. ತೂತು ಬಿದ್ದ ಗೂಡನ್ನ ರೀಲರು ಕಾಲಲ್ಲೂ ಮುಟ್ಟಲ್ಲ.' ಬಿಡಿಸಿದ ಗೂಡನ್ನು ಚೀಲಕ್ಕೆ ಸುರಿದು, ಬಾಯಿ ಕಟ್ಟಿ, ಮಗನ ಕೈಲಿದ್ದ ಫೋನಿನ ಕಡೆ ನೋಡಿದ. 'ಬೇಕಾದ್ರೆ ಆ ಕೆಂಪು ಗಡಿಯಾರ ಚಿಟ್ಟೆಗೆ ತೋರಿಸು. ನಿಲ್ತದಾ ನೋಡಾಣ.'